ಮೊಲವನ್ನು ಕಿವಿ ಹಿಡಿದು ಎತ್ತಬೇಡಿ

ಬೇಸಗೆ ರಜೆ ಸಿಕ್ಕಿದೊಡನೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ಮನೆಗಳಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಮೊಲದ ಮರಿಗಳು ಬರತೊಡಗುತ್ತವೆ. ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಅವುಗಳ ಮೇಲಿನ ದೂರುಗಳೂ ಬರುತ್ತವೆ: ಚಾರ್ಜರಿನ ವಯರು ತುಂಡಾಯಿತು, ಮಲ್ಲಿಗೆಯ ಬುಡ ಅಗೆದುಹೋಯಿತು, ಹಿಡಿಯಲು ಹೋದರೆ ಪರಚುತ್ತದೆ. ನಾವು ತುಂಟತನವೆಂದು ಕರೆಯುವುದರಲ್ಲಿ ಅರ್ಧ ಪಾಲು ಮೊಲದ ಹಲ್ಲು ಮತ್ತು ಉಗುರುಗಳ ಸಹಜ ಕೆಲಸ. ಉಳಿದದ್ದು ನಮ್ಮ ಕೈಗಳ ಮೇಲೆ ಅದಕ್ಕಿರುವ ಭಯ. ಈ ಎರಡನ್ನೂ ಮೊದಲ ತಿಂಗಳಲ್ಲಿಯೇ ಸರಿಪಡಿಸಿಕೊಳ್ಳಬಹುದು.

ಮೊದಲನೆಯದಾಗಿ, ಎಂಟು ವಾರ ತುಂಬದ ಮರಿಯನ್ನು ತರಬೇಡಿ. ಜೋಡಿ ತರುವುದಾದರೆ ಗಂಡು ಯಾವುದು, ಹೆಣ್ಣು ಯಾವುದು ಎಂಬುದನ್ನು ಅಂಗಡಿಯವರ ಮಾತಿನ ಮೇಲೆ ನಂಬದೆ ಪಶುವೈದ್ಯರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ, ಏಕೆಂದರೆ ಹೆಣ್ಣು ಮೊಲ ಗಬ್ಬವಾದ ಸುಮಾರು 31 ದಿನಗಳಲ್ಲಿ ಮರಿ ಹಾಕುತ್ತದೆ ಮತ್ತು ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಗುಡ್ಡದಲ್ಲಿ ಸಿಕ್ಕಿದ ಕಾಡುಮೊಲದ ಮರಿಯನ್ನು ಸಾಕುವ ಯೋಚನೆ ಬೇಡವೇ ಬೇಡ. ಅದು ಬೇರೆಯೇ ಜಾತಿಯ ಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವಂಥದು.

ಎರಡನೆಯದು ಗೂಡು. ಮಾರಾಟಕ್ಕಿರುವ ಹೆಚ್ಚಿನ ಗೂಡುಗಳ ತಳ ಬರೀ ತಂತಿಯ ಬಲೆ; ಅದರ ಮೇಲೆ ಸದಾ ಕುಳಿತ ಮೊಲದ ಹಿಂಗಾಲಿನ ಅಡಿ ಹುಣ್ಣಾಗುತ್ತದೆ. ಅಂತಹ ಗೂಡು ಈಗಾಗಲೇ ಮನೆಯಲ್ಲಿದ್ದರೆ ತಳಕ್ಕೆ ಹಲಗೆ ಹಾಸಿ, ಮೇಲೆ ಗೋಣಿ ಹರಡಿ. ರಾತ್ರಿ ಗೂಡು ಒಳಗೇ ಇರಲಿ. ಕೋಳಿಗೂಡಿಗೆ ಬರುವ ಹೆಬ್ಬಾವು ಮೊಲವನ್ನೂ ಬಿಡುವುದಿಲ್ಲ. ಸಿಮೆಂಟು ಶೀಟಿನ ಮಾಡಿನ ಕೆಳಗೆ ಮಾತ್ರ ಇಡಬಾರದು. ಮೊಲಕ್ಕೆ ಬೆವರು ಬರುವುದಿಲ್ಲ, ಮೈಯ ಬಿಸಿಯನ್ನು ಅದು ಮುಖ್ಯವಾಗಿ ಕಿವಿಗಳ ಮೂಲಕ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಕಷ್ಟಪಡುತ್ತದೆ. ಮಾರ್ಚಿನಿಂದ ಮೇ ತನಕ ನಮ್ಮಲ್ಲಿ ಬಹುತೇಕ ಪ್ರತಿ ಮಧ್ಯಾಹ್ನವೂ ಅಷ್ಟು ಸೆಕೆಯಿರುತ್ತದೆ. ನಾನು ಮಾಡುವುದಿಷ್ಟೆ: ಹಳೆಯ ಮಂಗಳೂರು ಹಂಚೊಂದನ್ನು ನೀರಿನಲ್ಲಿ ನೆನೆಸಿ, ನೀರು ಬಸಿದ ಮೇಲೆ ಗೂಡಿನ ಒಂದು ಮೂಲೆಯಲ್ಲಿ ಇಡುತ್ತೇನೆ. ಹತ್ತು ನಿಮಿಷದೊಳಗೆ ಮೊಲ ಹೊಟ್ಟೆಯೂರಿ, ಹಿಂಗಾಲು ಚಾಚಿ ಅದರ ಮೇಲೆ ಮಲಗಿರುತ್ತದೆ. ನೀರಿಗೆ ಭಾರದ ಮಣ್ಣಿನ ಬಟ್ಟಲೇ ಉತ್ತಮ. ಸೆಕೆಯೆಂದು ಮೊಲಕ್ಕೆ ಸ್ನಾನ ಮಾಡಿಸಬೇಡಿ. ಗಾಬರಿಯಿಂದಲೇ ಅದು ಸತ್ತುಹೋಗಬಹುದು.

ಮೂರನೆಯದು ಆಹಾರ. ಮೊಲದ ಹಲ್ಲು ಬದುಕಿಡೀ ಬೆಳೆಯುತ್ತದೆ, ಬಾಚಿಹಲ್ಲು ವರ್ಷಕ್ಕೆ 10 ಸೆಂಟಿಮೀಟರಿನಷ್ಟು. ಅದು ಸವೆಯುವುದು ಹುಲ್ಲನ್ನು ಗಂಟೆಗಟ್ಟಲೆ ಅಗಿಯುವುದರಿಂದ. ಆದ್ದರಿಂದ ತಟ್ಟೆಯ ಮುಕ್ಕಾಲು ಪಾಲಿಗೂ ಹೆಚ್ಚು ಹುಲ್ಲೇ ಇರಬೇಕು: ಗರಿಕೆ, ನೇಪಿಯರ್, ನೆರಳಿನಲ್ಲಿ ಒಣಗಿಸಿದ ಹುಲ್ಲು, ಜೊತೆಗೆ ಒಂದು ಹಿಡಿ ಕೊತ್ತಂಬರಿ ಅಥವಾ ತಿಮರೆ (ಒಂದೆಲಗ). ಬಣ್ಣಬಣ್ಣದ ಕಾಳು ಬೆರೆಸಿದ ಪೊಟ್ಟಣದ ಆಹಾರಕ್ಕೆ ಹಣ ಸುರಿಯಬೇಡಿ. ಮೊಲ ಅದರಲ್ಲಿ ಸಿಹಿಯಾದದ್ದನ್ನು ಮಾತ್ರ ಹೆಕ್ಕಿ ತಿಂದು ಹುಲ್ಲು ಬಿಡುತ್ತದೆ. ಕ್ಯಾರೆಟ್, ಬಾಳೆಹಣ್ಣು ಹೆಬ್ಬೆರಳಿನ ತುದಿಯಷ್ಟು ಸಾಕು. ಮರಗೆಣಸಿನ ಸೊಪ್ಪು, ಕೆಸುವಿನ ಎಲೆ, ಕಣಗಿಲೆ, ನೀರುಳ್ಳಿ ಬೇಡ. ನಮ್ಮೂರಿನವರು ವಿಶೇಷವಾಗಿ ನೆನಪಿಡಬೇಕಾದ ಮಾತೊಂದಿದೆ: ಮಳೆಗಾಲದಲ್ಲಿ ಕೊಳೆರೋಗಕ್ಕೆಂದು ಮೈಲುತುತ್ತು ಮತ್ತು ಸುಣ್ಣದ ಮದ್ದು ಬಿಟ್ಟ ಅಡಿಕೆ ತೋಟದ ಹುಲ್ಲನ್ನು ಮೊಲಕ್ಕೆ ಹಾಕಬೇಡಿ. ಮರದ ಬುಡದ ಹುಲ್ಲಿನ ಮೇಲೆ ನೀಲಿ ಹನಿಗಳು ಒಣಗಿ ನಿಂತಿರುವುದು ಹತ್ತಿರದಿಂದ ನೋಡಿದರೆ ಕಾಣುತ್ತದೆ.

ವಯರುಗಳನ್ನು ವಯರಿಂಗ್ ಪೈಪಿನೊಳಗೆ ಹಾಯಿಸಿ ಅಥವಾ ಮೇಲಕ್ಕೆ ಕಟ್ಟಿ. ಅಗೆಯಲು ಮಣ್ಣು ತುಂಬಿದ ಹಳೆಯ ಬುಟ್ಟಿಯೊಂದನ್ನು ಕೊಟ್ಟರೆ ಮಲ್ಲಿಗೆ ಉಳಿಯುತ್ತದೆ.

ಇನ್ನು ಎತ್ತಿಕೊಳ್ಳುವುದು. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಿವಿ ಹಿಡಿದು ಎತ್ತಲೇಬಾರದು. ಮೊಲದ ಕಣ್ಣುಗಳು ತಲೆಯ ಎರಡು ಬದಿಗಳಲ್ಲಿರುವುದರಿಂದ ಅದಕ್ಕೆ ಮೇಲಿನದು ಚೆನ್ನಾಗಿ ಕಾಣುತ್ತದೆ, ಮೂಗಿನ ನೇರ ಮುಂದಿರುವುದು ಕಾಣುವುದಿಲ್ಲ. ಮೇಲಿನಿಂದ ಇಳಿಯುವ ಕೈ ಅದರ ಪಾಲಿಗೆ ಎರಗುವ ಗಿಡುಗ. ಆದ್ದರಿಂದ ಮೊದಲ ವಾರ ಎತ್ತಲೇಬೇಡಿ. ನೆಲದ ಮೇಲೆ ಕುಳಿತು ಅಂಗೈಯಲ್ಲಿ ಗರಿಕೆ ಹಿಡಿದುಕೊಳ್ಳಿ, ಅದಾಗಿಯೇ ಬರಲಿ. ಬಂದರೆ ಹಣೆಯನ್ನು ಮೆಲ್ಲನೆ ಸವರಿ, ಗದ್ದವನ್ನು ಮುಟ್ಟಬೇಡಿ. ಮಂಚದಡಿ ಸೇರಿದ ಮೊಲವನ್ನು ಕಾಲು ಹಿಡಿದು ಎಳೆದರೆ ಆ ವಾರದ ನಂಬಿಕೆಯೆಲ್ಲ ಒಂದೇ ಸಲಕ್ಕೆ ಹೋಗುತ್ತದೆ.

ಎರಡನೆಯ ವಾರ, ಕುಳಿತಲ್ಲಿಯೇ, ಒಂದು ಕೈಯನ್ನು ಮುಂಗಾಲುಗಳ ಹಿಂದೆ ಎದೆಯಡಿಗೆ ಸರಿಸಿ, ಇನ್ನೊಂದು ಕೈಯಿಂದ ಹಿಂಗಾಲುಗಳೆರಡೂ ಮಡಚಿಕೊಳ್ಳುವಂತೆ ಕುಂಡೆಯನ್ನು ಪೂರ್ತಿಯಾಗಿ ಆನಿಸಿ, ಎರಡೂ ಕೈಗಳನ್ನು ಒಟ್ಟಿಗೇ ಮೇಲೆತ್ತಿ ತಕ್ಷಣ ನಿಮ್ಮ ಹೊಟ್ಟೆಗೆ ಒತ್ತಿಕೊಳ್ಳಿ. ಅದರ ಮುಖ ನಿಮ್ಮ ಮೊಣಕೈ ಸಂದಿಯಲ್ಲಿ ಮರೆಯಾಗಲಿ. ಹಿಂಗಾಲುಗಳು ಗಾಳಿಯಲ್ಲಿ ಜೋತಾಡಬಾರದು. ಮೊಲದ ಎಲುಬು ಹಗುರ, ಹಿಂಗಾಲಿನ ಸ್ನಾಯು ಮಾತ್ರ ಬಲವಾದದ್ದು. ಆಧಾರವಿಲ್ಲದೆ ಒದ್ದರೆ, ಕೆಳಗೆ ಬೀಳದೆಯೂ, ತನ್ನದೇ ಬಲಕ್ಕೆ ಸೊಂಟದ ಎಲುಬು ಮುರಿಯಬಹುದು. ಅಂಗಾತ ಮಲಗಿಸಿದರೆ ಮೊಲ ಸುಮ್ಮನಾಗುತ್ತದೆ ಎಂಬ ಸುಲಭದ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಭಯದಿಂದ ಮರಗಟ್ಟುವುದೇ ಹೊರತು ನೆಮ್ಮದಿಯಲ್ಲ.

ಎತ್ತುವುದಕ್ಕಿಂತ ಇಳಿಸುವಾಗ ಹೆಚ್ಚು ಎಚ್ಚರ ಬೇಕು. ನೆಲ ಒಂದು ಮೊಳ ದೂರವಿರುವಾಗಲೇ ಮೊಲ ಜಿಗಿಯುತ್ತದೆ. ನೆರೆಮನೆಯ ಹುಡುಗನೊಬ್ಬ ಮೊಣಕಾಲಿನ ಎತ್ತರದಿಂದ ಕೈ ಸಡಿಲಿಸಿದಾಗ ಬಿಳಿ ಮೊಲವೊಂದು ನುಣುಪಾದ ಕೆಂಪು ಸಿಮೆಂಟಿನ ನೆಲಕ್ಕೆ ಓರೆಯಾಗಿ ಬಿದ್ದು, ಮುಂಗಾಲುಗಳಿಂದ ಮೈಯನ್ನು ಎಳೆದುಕೊಂಡು ಬಾಗಿಲಿನ ಸಂದಿಗೆ ಹೋದದ್ದನ್ನು ನಾನು ಕಂಡಿದ್ದೇನೆ. ಅದರ ಹಿಂಗಾಲುಗಳು ಮತ್ತೆ ಏಳಲಿಲ್ಲ. ನೀವೇ ಕುಕ್ಕರಗಾಲಿನಲ್ಲಿ ಕುಳಿತು, ನಾಲ್ಕೂ ಕಾಲು ಗೋಣಿಯ ಮೇಲೆ ಊರಿದ ಮೇಲೆ ಐದು ಎಣಿಸಿ ಕೈ ತೆಗೆಯಿರಿ. ಗೂಡಿಗೆ ಬಿಡುವಾಗ ಕುಂಡೆ ಮೊದಲು ಒಳಗೆ ಹೋಗಲಿ. ಮುಖ ನಿಮ್ಮ ಕಡೆಗಿದ್ದರೆ ಅದು ಒಳಕ್ಕೆ ಹಾರುವುದಿಲ್ಲ.

ಕೊನೆಯದಾಗಿ ಆರೋಗ್ಯ. ಹನ್ನೆರಡು ಗಂಟೆ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಮರುದಿನಕ್ಕೆ ಕಾಯದೆ ವೈದ್ಯರಲ್ಲಿಗೆ ಒಯ್ಯಿರಿ. ಮನೆಯಲ್ಲಿ ಉಳಿದ ಅಮೋಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಮದ್ದನ್ನು ಬಾಯಿಗೆ ಹಾಕಬೇಡಿ, ನಾಯಿಯ ಉಣ್ಣಿಗೆ ತಂದ ಫಿಪ್ರೊನಿಲ್ ಹಚ್ಚಬೇಡಿ. ಎರಡೂ ಮೊಲದ ಪ್ರಾಣ ತೆಗೆಯಬಲ್ಲವು. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಗೂಡು ಒದ್ದೆಯಾದರೆ ಬಾಲದಡಿಯ ಕೊಳೆಗೆ ನೊಣ ಮೊಟ್ಟೆಯಿಟ್ಟು ಒಂದೇ ದಿನದಲ್ಲಿ ಹುಳುಗಳಾಗುತ್ತವೆ. ಆಗ ಪ್ರತಿ ಸಂಜೆ ಮೊಲವನ್ನು ಮಡಿಲಿಗೆ ತೆಗೆದುಕೊಂಡು, ಟಾರ್ಚ್ ಹಿಡಿದು ಬಾಲವೆತ್ತಿ ನೋಡಬೇಕು. ಬೇಸಗೆಯಲ್ಲಿಯೇ ನಿಮ್ಮ ಕೈಗೆ ಒಗ್ಗಿಕೊಂಡ ಮೊಲ ಮಾತ್ರ ಅದಕ್ಕೆ ಬಿಡುತ್ತದೆ.