ಕೊನೆಗೂ ‘ಕನಾರ್ಟಕ’ ಕರ್ನಾಟಕವಾಯಿತು

“ಇದು ಆಗೋ ಕೆಲಸ ಅಲ್ಲ ಸಾರ್, ಸುಮ್ನೆ ಟೈಪ್ ಮಾಡಿಸಿಬಿಡಿ” ಅಂದಿದ್ದು ನಮ್ಮ ಪುಟವಿನ್ಯಾಸದ ಹುಡುಗನೇ, ಹಳೇ ಫಾಂಟಿನ ಸುದ್ದಿಗಳನ್ನು ಪರಿವರ್ತಿಸಿ ವೆಬ್‌ಸೈಟಿಗೆ ಏರಿಸೋಣ ಅಂದಾಗ. ನಮ್ಮ ದಿನಪತ್ರಿಕೆಯ 11 ವರ್ಷದ ಸುದ್ದಿಯೆಲ್ಲ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ ಫೈಲುಗಳಾಗಿ ಸಿಡಿಗಳಲ್ಲಿ ಕೂತಿತ್ತು. ಎಲ್ಲವೂ ಹಳೇ ನುಡಿ ಫಾಂಟ್, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದು. ಎಲ್ಲ ಕಂಪ್ಯೂಟರೂ ಒಪ್ಪುವ ಯೂನಿಕೋಡ್ ಸಂಕೇತಕ್ಕೆ ಬದಲಾಗದೆ ವೆಬ್‌ಸೈಟಿಗೆ ಹಾಕಿದರೆ ಹುಡುಕಿದವರಿಗೆ ಸಿಗುವುದೇ ಇಲ್ಲ.

ಮೊದಲು ಟೈಪಿಂಗೇ ಮಾಡಿಸಿದೆವು. ಸುಮಾರು 80 ಸಾವಿರ ರೂಪಾಯಿ ಕರಗಿತು, ಎರಡು ವರ್ಷದ ಸಂಚಿಕೆಯೂ ಮುಗಿಯಲಿಲ್ಲ. ಆಮೇಲೆ ಪುಕ್ಕಟೆ ಸಿಕ್ಕ ಕನ್ವರ್ಟರಿಗೆ ಹಾಕಿ, ಸರಿಯಾಗಿ ನೋಡದೆ ಒಂದು 3,000 ಸುದ್ದಿ ಏರಿಸಿಬಿಟ್ಟೆ. ಮಾರನೇ ದಿನ ಸಂಪಾದಕರು ಕರೆದು ಪರದೆ ತೋರಿಸಿದರು: ‘ಕನಾರ್ಟಕ’. ಕೆಳಗೆ ಇನ್ನೊಂದು: ‘ಸಾಮಥ್ರ್ಯ’. ಮರ್ಯಾದೆ ಹೋಯಿತು.

ತಪ್ಪಿದ್ದದ್ದು ಅರ್ಕಾವತ್ತಿನಲ್ಲಿ, ಅಂದರೆ ‘ಕರ್ನಾಟಕ’ದ ‘ರ್’. ಹಳೇ ಫಾಂಟಿನಲ್ಲಿ ಅದು ಅಕ್ಷರದ ಬಾಲಕ್ಕೆ ಬರುತ್ತದೆ, ಯೂನಿಕೋಡಿನಲ್ಲಿ ತಲೆಗೆ ಹೋಗಬೇಕು. ಒಂದೇ ಅಕ್ಷರ ಹಿಂದೆ ಹಾಕಿದರೆ ಸಾಲದು, ಒತ್ತಕ್ಷರ ಸಮೇತ ಇಡೀ ಗುಂಪಿನ ಮೊದಲಿಗೆ ಒಯ್ಯಬೇಕು. ನಾನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕನ್ವರ್ಟರ್ ಬರೆಯಲು ಕೂತೆ. ಮೊದಲ ಸಲ ‘ಮನೆ’ಯೆಲ್ಲ ‘ವುನೆ’ ಆಯಿತು, ಯಾಕೆಂದರೆ ಆ ಫಾಂಟಿನಲ್ಲಿ ‘ಮ’ ಅಂದರೆ ‘ವ’ಕ್ಕೆ ಕೊಂಬು ಅಂಟಿಸಿದ್ದಷ್ಟೇ. ‘ಮ’ದಂಥ ಉದ್ದದ ಜೋಡಿಗಳನ್ನು ಮೊದಲು, ಬಿಡಿ ಚೂರುಗಳನ್ನು ಆಮೇಲೆ ಬದಲಿಸಿದಾಗ ಸರಿಹೋಯಿತು. ‘ರ‍್ಯಾಲಿ’ ಒಂದಕ್ಕೇ ಎರಡು ರಾತ್ರಿ ಹೋಯಿತು, ಅಲ್ಲಿ ‘ರ’ ಅರ್ಕಾವತ್ತಾಗದೆ ಪೂರ್ತಿ ಉಳಿಯಬೇಕು.

ಇಂಗ್ಲಿಷ್ ಪದಗಳದ್ದು ಬೇರೆ ಗೋಳು. ಕಾಪಿ ಮಾಡಿದ ಕೂಡಲೇ ಫಾಂಟಿನ ಹೆಸರು ಹೋಗಿ, ಯಾವುದು ಇಂಗ್ಲಿಷ್ ಅಂತ ತಿಳಿಯದೆ, ಅವೂ ಕನ್ನಡದ ಕಸವಾಗುತ್ತಿದ್ದವು. ಪೇಜ್‌ಮೇಕರಿನಿಂದ ಫಾಂಟಿನ ಹೆಸರು ಉಳಿಸಿಕೊಂಡು ಹೊರತೆಗೆಯುವ ದಾರಿ ಇದೆ. ಪೂರ್ತಿ ಹೇಳುವುದಿಲ್ಲ, ಅಕ್ಷರ ಬದಲಿಸುವ ನನ್ನ ಪಟ್ಟಿಯನ್ನೂ ಕೊಡುವುದಿಲ್ಲ, ಕಷ್ಟಪಟ್ಟಿದ್ದೇನೆ ಅಲ್ವಾ!

ನಡುವೆ ಇನ್ನೊಂದು ಹುಚ್ಚು. ಕಂಪ್ಯೂಟರ್ ಬರುವ ಮುಂಚಿನ ಬೈಂಡಿಂಗ್ ಸಂಪುಟಗಳನ್ನು ಸ್ಕ್ಯಾನ್ ಮಾಡಿ, ಚಿತ್ರದಿಂದ ಅಕ್ಷರ ಓದುವ ಟೆಸೆರಾಕ್ಟ್ ತಂತ್ರಾಂಶಕ್ಕೆ ಕೊಟ್ಟೆ. ಹಿಂಬದಿಯ ಮಸಿ ಈಚೆ ಕಾಣುತ್ತಿತ್ತು. ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟಾಗ ಅರ್ಧ ಸಮಸ್ಯೆ ಹೋಯಿತು. ಕಾಲಂ ಕಾಲಂ ಬೇರೆಯಾಗಿ ಕತ್ತರಿಸಿ ಕೊಟ್ಟರೆ ಸುದ್ದಿ ಪರವಾಗಿಲ್ಲ, ಓದಬಹುದು. ವರ್ಗೀಕೃತ ಜಾಹೀರಾತು ಮಾತ್ರ ಬರೀ ಗೊಜ್ಜು, ಬಿಟ್ಟುಬಿಟ್ಟೆ.

ಈಗ ಸುಮಾರು 40 ಸಾವಿರ ಸುದ್ದಿ ವೆಬ್‌ನಲ್ಲಿದೆ. ಕರಡು ತಿದ್ದಿದ ಕಾಲೇಜು ಹುಡುಗಿಯರಿಗೆ ಕೊಟ್ಟಿದ್ದೂ ಸೇರಿ ಈ ಸಲದ ಖರ್ಚು 35 ಸಾವಿರ ರೂಪಾಯಿ ಒಳಗೇ ಮುಗಿಯಿತು. ಉಳಿದಿರುವುದು ಕೋರೆಲ್‌ಡ್ರಾದಲ್ಲಿ ಚಿತ್ರವಾಗಿ ಮಾಡಿದ್ದ ಶೀರ್ಷಿಕೆಗಳು. ಅವಕ್ಕೆ ನನ್ನ ಹತ್ತಿರ ಉಪಾಯವಿಲ್ಲ, ಕೈಯಲ್ಲೇ ಟೈಪ್ ಆಗಬೇಕು. ಮಾಡುತ್ತಿರುವವನು ಅದೇ ಹುಡುಗ, ದಿನಕ್ಕೊಂದು ಸಲ “ನಾನು ಆಗಲೇ ಹೇಳಿದ್ದೆ ಸಾರ್” ಅನ್ನುತ್ತಾನೆ.