ನಾಲ್ಕು ದೋಣಿ, ಎರಡೇ ಕಾಲು: ನ್ಯೂ ವೇಗಸ್‌ನಲ್ಲಿ ನನ್ನ ಅನುಭವ

‘ಫಾಲ್‌ಔಟ್: ನ್ಯೂ ವೇಗಸ್’ ವಿಡಿಯೊ ಗೇಮ್‌ಗೆ ನಾನು ಹಾಕಿಕೊಂಡ ನಿಯಮ ಇದು: ಎನ್‌ಸಿಆರ್ (ನ್ಯೂ ಕ್ಯಾಲಿಫೋರ್ನಿಯಾ ರಿಪಬ್ಲಿಕ್) ಪಕ್ಷ ಹಿಡಿದು ಆಟ ಮುಗಿಸಬೇಕು, ಆದರೆ ಬ್ರದರ್‌ಹುಡ್, ಗ್ರೇಟ್ ಖಾನ್ಸ್, ಕಿಂಗ್ಸ್, ಬೂಮರ್ಸ್ ಎಂಬ ಉಳಿದ ಪಕ್ಷಗಳೆಲ್ಲ ಬದುಕಿರಬೇಕು. ಹಳೆಯ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ, ಹಿಂತಿರುಗಬಾರದು. ಇದನ್ನು ಹೇಳಿದಾಗ ನನ್ನ ಗೆಳೆಯ ನಕ್ಕ. ‘ಎನ್‌ಸಿಆರ್‌ನ ಕರ್ನಲ್ ಮೂರ್ ಕೈಗೆ ಸಿಕ್ಕಿದ ಮೇಲೆ ಬ್ರದರ್‌ಹುಡ್‌ನ ಬಂಕರ್ ಹಿಡನ್ ವ್ಯಾಲಿ ಉಳಿಯುವುದಿಲ್ಲ, ಸುಮ್ಮನೆ ಯೆಸ್ ಮ್ಯಾನ್ ಹಿಂದೆ ಹೋಗು’ ಎಂದ. ಯೆಸ್ ಮ್ಯಾನ್ ಎಂಬ ಆ ರೋಬೊನ ದಾರಿ ನನಗೆ ಹಿಡಿಸುವುದಿಲ್ಲ. ಎಲ್ಲದಕ್ಕೂ ಹಲ್ಲು ಕಿರಿದು ಹೂಂ ಎನ್ನುವವನ ಜತೆ ಗೆದ್ದರೆ ಅದೇನು ಗೆಲುವು?

ಫಾಲ್‌ಔಟ್ ಸರಣಿಯನ್ನು ಬಹಳ ವರ್ಷಗಳಿಂದ ಆಡುತ್ತಿದ್ದೇನೆ. 2010ರ ನ್ಯೂ ವೇಗಸ್‌ನಷ್ಟು ಪಕ್ಷಗಳ ತಿಕ್ಕಾಟ ಉಳಿದವುಗಳಲ್ಲಿ ನನಗೆ ಕಂಡಿಲ್ಲ. ನನ್ನ ಪ್ರಯತ್ನ ನಾಲ್ಕನೆಯ ಸಲಕ್ಕೆ ಫಲಿಸಿತು. ಒಟ್ಟು ಇನ್ನೂರು ಗಂಟೆಯ ಮೇಲಾಗಿರಬೇಕು. ಹಳೆಯ ಲ್ಯಾಪ್‌ಟಾಪ್ ಬಿಸಿಯಾಗಿ ಕೈಕೊಟ್ಟಿದ್ದರಿಂದ ಮಧ್ಯೆ ಏಳೆಂಟು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದು ಹಳೆಯ ಡೆಸ್ಕ್‌ಟಾಪ್‌ಗೆ ಕೂರಿಸಿದೆ. ಆಟ ಕೊಂಡದ್ದು ರಿಯಾಯಿತಿಯಲ್ಲಿ, ಕಾರ್ಡಿನ ಬೆಲೆಯ ಇಪ್ಪತ್ತನೆಯ ಒಂದು ಭಾಗಕ್ಕೆ. ಮೂಗಿಗಿಂತ ಮೂಗುತಿ ಭಾರ.

ಮೊದಲ ಸಲ ಕೆಟ್ಟದ್ದು ಬೌಲ್ಡರ್ ಸಿಟಿಯಲ್ಲಿ. ಖಾನ್ಸ್ ಇಬ್ಬರು ಎನ್‌ಸಿಆರ್ ಸೈನಿಕರನ್ನು ಒತ್ತೆಯಿಟ್ಟುಕೊಂಡಿದ್ದರು. ಎನ್‌ಸಿಆರ್‌ನ ಲೆಫ್ಟಿನೆಂಟ್ ಮನ್ರೋ ಒಳಗೆ ಹೋಗಿ ಮಾತಾಡಲು ಬಿಟ್ಟರೂ ನಾನು ಬಂದೂಕು ತೆಗೆದೆ. ಖಾನ್ಸ್ ಜತೆಗಿನ ಲೆಕ್ಕ ಅಲ್ಲೇ ಕೆಟ್ಟಿತು. ಈ ಆಟದಲ್ಲಿ ಒಳ್ಳೆಯ ಹೆಸರೂ ಕೆಟ್ಟ ಹೆಸರೂ ಬೇರೆ ಬೇರೆ ಖಾತೆ. ಒಂದರಿಂದ ಇನ್ನೊಂದು ವಜಾ ಆಗುವುದಿಲ್ಲ. ಆಮೇಲೆ ಖಾನ್ಸ್ ನೆಲೆಯಾದ ರೆಡ್ ರಾಕ್ ಕ್ಯಾನಿಯನ್‌ನಲ್ಲಿ ಎಷ್ಟು ದುಡಿದರೂ ಆ ಕಲೆ ಹೋಗಲಿಲ್ಲ. ನಾಲ್ಕನೆಯ ಸಲ ಬೌಲ್ಡರ್ ಸಿಟಿಯಲ್ಲೇ ಖಾನ್ಸ್ ಕಡೆಯ ಜೆಸಪ್‌ನೊಂದಿಗೆ ಮಾತಿನಲ್ಲೇ ಮುಗಿಸಿದೆ. ಹೊರಗೆ ಬಂದರೆ ಮನ್ರೋಗೆ ಮೇಲಿನಿಂದ ಬೇರೆ ಆಜ್ಞೆ: ಅವರನ್ನು ಬಿಡಬೇಡ. ಕೊಟ್ಟ ಮಾತಿಗೆ ನಿಲ್ಲು ಎಂದು ಅವನನ್ನೂ ಒಪ್ಪಿಸಬೇಕಾಯಿತು.

ಎರಡನೆಯ ಸಲದ ತಪ್ಪು ಸೋಮಾರಿತನದ್ದು, ಅದೇ ನನಗೆ ಹೆಚ್ಚು ಉರಿಸಿದ್ದು. ಹಿಡನ್ ವ್ಯಾಲಿಗೆ ಒಬ್ಬನೇ ಹೋದರೆ ಬ್ರದರ್‌ಹುಡ್‌ನವರು ಸಾಮಾನು ಕಸಿದು, ಕೊರಳಿಗೆ ಸ್ಫೋಟಕದ ಪಟ್ಟಿ ಬಿಗಿದು, ಪಕ್ಕದ ಬಂಕರಿನ ರೇಂಜರನನ್ನು ಓಡಿಸು ಎನ್ನುತ್ತಾರೆ. (ಆ ಪಟ್ಟಿ ಕೊರಳಿಗೆ ಬೀಳದಂತೆ ಒಳಗೆ ಹೋಗುವ ದಾರಿ ಇದೆ. ಯಾರ ಜತೆ ಹೋಗಬೇಕು ಎಂಬುದನ್ನು ಹೇಳುವುದಿಲ್ಲ.) ಅಷ್ಟಾದ ಮೇಲೆ ಕಳೆದುಹೋದ ಗಸ್ತು ತಂಡಗಳನ್ನು ಹುಡುಕಿದೆ. ಮುಂದೆ ಗಾಳಿ ಶುದ್ಧಿ ಯಂತ್ರದ ಬಿಡಿಭಾಗಗಳಿಗಾಗಿ ಮೂರು ವಾಲ್ಟ್ (ನೆಲದಡಿಯ ಆಶ್ರಯತಾಣ) ಸುತ್ತಬೇಕು: 3, 11, 22. ಇಪ್ಪತ್ತೆರಡರ ಆ ಹಸಿರು ಕಾಡು ನೆನೆದೇ ಕೈ ಸೋತಿತು. ಅಷ್ಟರಲ್ಲಿ ಬ್ರದರ್‌ಹುಡ್‌ನವನೇ ಆದ ಹಾರ್ಡಿನ್ ಬಂದು, ಅದರ ಮುಖ್ಯಸ್ಥ ಮೆಕ್‌ನಮಾರಾನನ್ನು ಕೆಳಗಿಳಿಸಲು ನೆರವಾದರೆ ಇದೆಲ್ಲ ಬೇಗ ಮುಗಿಯುತ್ತದೆ ಎಂಬ ಆಸೆ ತೋರಿಸಿದ. ಇಳಿಸಿದೆ. ಹತ್ತಾರು ಗಂಟೆ ಕಳೆದು ಮೂರ್ ‘ಬ್ರದರ್‌ಹುಡ್ ನಾಶವಾಗಲಿ’ ಎಂದಾಗ ಒಪ್ಪಂದದ ಮಾತೆತ್ತಲು ಹೋದರೆ ಹಾರ್ಡಿನ್ ಮುಂದೆ ಆ ಬಾಗಿಲೇ ಇಲ್ಲ. ಮೆಕ್‌ನಮಾರಾ ಇದ್ದರೆ ಮಾತ್ರ ಎನ್‌ಸಿಆರ್ ಜತೆ ಸಂಧಿ. ಎರಡು ವಾರದ ರಾತ್ರಿಗಳು ನೀರಲ್ಲಿ ಹೋಮ.

ನನ್ನ ಉಪಾಯದ ತಿರುಳು ಅಲ್ಲಿ ಹೊಳೆಯಿತು. ಪಕ್ಷ ಹಿಡಿಯುವುದು ಕೊನೆಯ ಕೆಲಸ. ಪ್ರತಿ ಪಕ್ಷದ ಏಣಿಯಲ್ಲೂ ‘ಅವರನ್ನು ಮುಗಿಸು’ ಎನ್ನುವ ಒಂದು ಮೆಟ್ಟಿಲು ಇದೆ. ಅದರ ಕೆಳಗಿನ ಮೆಟ್ಟಿಲಲ್ಲೇ ನಿಂತು, ಯಾರನ್ನು ಮುಗಿಸು ಎನ್ನಲಿದ್ದಾರೋ ಅವರ ಮನೆಯ ಕೆಲಸ ಮೊದಲು ಮುಗಿಸಿಬಿಡಬೇಕು. ಮೂರ್ ಬಾಯಿ ತೆರೆಯುವ ಮೊದಲೇ ಮೂರೂ ವಾಲ್ಟ್ ಸುತ್ತಿ ಬಂದಿರಬೇಕು, ಖಾನ್ಸ್ ನಾಯಕ ಪಾಪಾ ಖಾನ್ ಎನ್‌ಸಿಆರ್‌ನ ಶತ್ರು ಸೈನ್ಯವಾದ ಲೀಜನ್ನಿನ ಸ್ನೇಹ ಬಿಟ್ಟಿರಬೇಕು. ಅದಕ್ಕೆ ಕಾರ್ಲ್‌ನ ದಿನಚರಿ ಬೇಕು. ಲೀಜನ್ನಿನ ಆ ದೂತ ಖಾನ್ಸ್ ಬಗ್ಗೆ ಏನು ಬರೆದಿದ್ದಾನೆ ಎಂದು ಓದಿ ಕೇಳಿಸಿದರೆ ಅರ್ಧ ಕೆಲಸ ಮುಗಿದಂತೆ. ಬೂಮರ್ಸ್ ಸುಲಭ: ಫಿರಂಗಿಯ ನಡುವೆ ಓಡಿದರೆ, ಲೇಕ್ ಮೀಡ್‌ನ ತಳದಿಂದ ಬಿ-29 ವಿಮಾನ ಎತ್ತಿಕೊಟ್ಟರೆ ಸಾಕು.

ಇನ್ನು ಹಣ. ಕ್ಯಾಸಿನೊಗಳ ಬೀದಿಯಾದ ಸ್ಟ್ರಿಪ್ ಬಾಗಿಲಲ್ಲಿ ಎರಡು ಸಾವಿರ ಕ್ಯಾಪ್ಸ್ (ಆಟದೊಳಗಿನ ಹಣ) ತೋರಿಸು ಎನ್ನುತ್ತಾರೆ; ನಾನು ಐನೂರಕ್ಕೆ ನಕಲಿ ಪಾಸ್‌ಪೋರ್ಟ್ ಮಾಡಿಸಿದೆ. ಹಿಂದಿನ ಸಲ ಐದು ಸಾವಿರ ಚಿಲ್ಲರೆ ಕೊಟ್ಟು ದೊಡ್ಡ ರೈಫಲ್ ಕೊಂಡು ಬೆನ್ನಿಗೆ ಹಾಕಿ ಮೆರೆದಿದ್ದೆ. ಎಲ್ಲ ಪಕ್ಷಗಳನ್ನೂ ಉಳಿಸಲು ಹೊರಟವನಿಗೆ ಅದೇಕೆ? ಈ ಸಲ ಮೊದಲ ನಾಲ್ಕು ಸಾವಿರ ಅದೃಷ್ಟ ಹೆಚ್ಚಿಸುವ ಇಂಪ್ಲಾಂಟ್‌ಗೆ ಹಾಕಿದೆ. ಆಮೇಲೆ ಟಾಪ್ಸ್ ಕ್ಯಾಸಿನೊದ ಬ್ಲ್ಯಾಕ್‌ಜಾಕ್ ಮೇಜಿನಲ್ಲಿ ಸುಮಾರು ಹತ್ತು ಸಾವಿರ ಬಂತು. ಇನ್ನು ಆಡಬೇಡಿ ಎಂದು ವಿನಯದಿಂದ ಹೊರಗೆ ಹಾಕಿದರು. ಮೂರು ಕ್ಯಾಸಿನೊ ಹೀಗೆ ಗುಡಿಸಿದ ಮೇಲೆ ಹಣದ ಯೋಚನೆ ಬರಲಿಲ್ಲ.

ಮಧ್ಯದಲ್ಲಿ ಒಂದು ಹುಡುಗಾಟ. ಲೀಜನ್ ಸಮವಸ್ತ್ರ ತೊಟ್ಟು ಎನ್‌ಸಿಆರ್ ಶಿಬಿರದ ಬಳಿ ನಡೆದು ನೋಡಿದೆ, ಎಷ್ಟು ದೂರ ಬಿಡುತ್ತಾರೆ ಎಂದು. ಹೆಚ್ಚೆಂದರೆ ನೂರು ಹೆಜ್ಜೆ. ನಿಪ್ಟನ್‌ನಲ್ಲಿ ಲೀಜನ್ನಿನ ನಾಲ್ವರನ್ನು ಹೊಡೆದೂ ನೋಡಿದೆ. ಸ್ಟ್ರಿಪ್‌ನಲ್ಲಿ ಲೀಜನ್ನಿನವರೇ ತಮ್ಮ ನಾಯಕ ಸೀಸರನ ಮುದ್ರೆ ಕೊಟ್ಟು ಹಳೆಯದನ್ನೆಲ್ಲ ಮರೆಯುತ್ತಾರೆ. ಕ್ಷಮೆ ಒಂದೇ ಸಲ, ಅದಕ್ಕೇ ಆ ಪ್ರಯೋಗ ಸ್ಟ್ರಿಪ್ ತಲುಪುವ ಮೊದಲು.

ಮೂರನೆಯ ಸಲ ಎಲ್ಲ ಸರಿಯಾಗಿ ಬಂದು ಕೊನೆಯಲ್ಲಿ ಬಿದ್ದೆ. ಹೂವರ್ ಅಣೆಕಟ್ಟಿನ ಪೂರ್ವದ ಶಿಬಿರದಲ್ಲಿ, ಲೀಜನ್ನಿನ ಸೇನಾಪತಿ ಲೇನಿಯಸ್ ಎದುರು. ಅವನನ್ನು ಮಾತಿನಿಂದ ಹಿಂದೆ ಕಳುಹಿಸಲು ಸ್ಪೀಚ್ (ಮಾತಿನ ಕೌಶಲದ ಅಂಕ) ನೂರು ಬೇಕು, ನನ್ನದು ಎಂಬತ್ತೆರಡೋ ಮೂರೋ. ಕತ್ತಿ ಎತ್ತಿದ, ಗೆದ್ದೆ, ಆದರೆ ಮಾತಿನಲ್ಲೇ ಮುಗಿಸಬೇಕೆಂಬ ನನ್ನ ನಿಯಮದಲ್ಲಿ ಅದು ಸೋಲು. ನಾಲ್ಕನೆಯ ಸಲವೂ ಸ್ಪೀಚ್ ಅಷ್ಟೇ ಇತ್ತು. ಆದರೆ ಕಾಂಪ್ರಿಹೆನ್ಷನ್ ಎಂಬ ಪರ್ಕ್ (ವಿಶೇಷ ಗುಣ) ಇತ್ತು, ಜೇಬಿನಲ್ಲಿ ‘ಮೀಟಿಂಗ್ ಪೀಪಲ್’ ಪತ್ರಿಕೆ ಇತ್ತು. ಆ ಪರ್ಕ್ ಇದ್ದರೆ ಪತ್ರಿಕೆ ಓದಿದಾಗ ಸ್ಪೀಚ್‌ಗೆ ಹತ್ತರ ಬದಲು ಇಪ್ಪತ್ತು ಅಂಕ. ಒಂದು ನಿಮಿಷದ ಪ್ರಭಾವ ಸಾಲದು ಎಂದು ಗೆಳೆಯ ವಾದಿಸಿದ್ದ. ಮಾತುಕತೆ ನಡೆಯುವಾಗ ಗಡಿಯಾರ ನಿಂತಿರುತ್ತದೆ ಎಂಬುದನ್ನು ಅವನು ಮರೆತಿದ್ದ. ಆ ದೈತ್ಯ ನನ್ನ ಮಾತು ಕೇಳಿ ಪಡೆಯೊಡನೆ ಪೂರ್ವಕ್ಕೆ ತಿರುಗಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಒಬ್ಬನನ್ನು ಮಾತ್ರ ಉಳಿಸಲಾಗಲಿಲ್ಲ. ಎನ್‌ಸಿಆರ್ ದಾರಿಯಲ್ಲಿ ಸ್ಟ್ರಿಪ್‌ನ ಒಡೆಯ ಮಿಸ್ಟರ್ ಹೌಸ್ ಅಡ್ಡವಾಗಿರುತ್ತಾನೆ. ಅವನ ಕ್ಯಾಸಿನೊ ಲಕ್ಕಿ 38ರ ಪರದೆಯ ಮೇಲೆ ಸದಾ ಮೀಸೆಯ ಠೀವಿಯ ಆ ಒಂದೇ ಮುಖ. ಗುಪ್ತ ಬಾಗಿಲು ತೆರೆದು, ಲಿಫ್ಟ್‌ನಲ್ಲಿ ಇಳಿದು, ಪೆಟ್ಟಿಗೆ ತೆರೆಸಿದರೆ ಒಳಗಿಂದ ಹೊರಬರುವುದು ಒಣಗಿದ ನುಗ್ಗೆಕಾಯಿಯಂಥ ಮೈ, ಮೈತುಂಬ ತಂತಿ. ಇನ್ನೂರ ಅರವತ್ತು ದಾಟಿದ ಮುದುಕ, ಹೀಗೇಕೆ ಮಾಡಿದೆ ಎಂದು ಕ್ಷೀಣ ಧ್ವನಿಯಲ್ಲಿ ಕೇಳುತ್ತಾನೆ. ಕೊಲ್ಲಲಿಲ್ಲ, ಯಂತ್ರದಿಂದ ಮಾತ್ರ ಬೇರ್ಪಡಿಸಿ ಮತ್ತೆ ಮುಚ್ಚಿದೆ. ಹೊರಗಿನ ಗಾಳಿ ತಾಗಿದ ಮೇಲೆ ಅವನಿಗೆ ಹೆಚ್ಚು ದಿನವಿಲ್ಲ, ಅದು ಬೇರೆ ಮಾತು.

ಕೊನೆಯ ಚಿತ್ರಗಳನ್ನು ಗೆಳೆಯನಿಗೆ ಕಳುಹಿಸಿದೆ. ಖಾನ್ಸ್ ವಯೋಮಿಂಗ್ ಕಡೆ ಹೊರಟಿದ್ದರು, ಬ್ರದರ್‌ಹುಡ್‌ನ ಬಂಕರ್ ನೆಟ್ಟಗಿತ್ತು. ಒಂದು ಗಂಟೆ ಬಿಟ್ಟು ಉತ್ತರ ಬಂತು: ‘ಹೌಸ್ ಸತ್ತನಲ್ಲ, ಇದು ಲೆಕ್ಕಕ್ಕಿಲ್ಲ.’