ಯುದ್ಧದಿಂದ ಬಂದು ಪುರಸಭೆ ಅಧ್ಯಕ್ಷ ಆದ ಮುತ್ಯಾನ ಚರಿತ್ರೆ ಬರಿಯೋದು ಹೆಂಗ

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಹುಡುಕಿದ್ರ ಊರಿಗೊಬ್ಬ ಮಿಲಿಟ್ರಿ ಮುತ್ಯಾ ಸಿಗ್ತಾನ, ಎರಡನೇ ಮಹಾಯುದ್ಧಕ್ಕ ಹೋಗಿ ಜೀವಂತ ಬಂದು, ಆಮ್ಯಾಲ ಊರಾಗ ನಾಕ್ ಮಂದಿ ಮಾತ್ ಕೇಳೂ ಹಂಗಾಗಿ, ಪುರಸಭೆ ಇಲೆಕ್ಷನ್‌ಗೆ ನಿಂತು ಅಧ್ಯಕ್ಷನೂ ಆಗಿ ಬಿಟ್ಟಾಂವ. ನಮ್ಮ ಮನ್ಯಾಗೂ ಒಬ್ಬಾಂವ ಇದ್ದ, ನಮ್ಮಪ್ಪನ ಅಪ್ಪ. ಅವನ ಮ್ಯಾಲ ಒಂದ್ ನಲವತ್ ಪುಟ ಬರೀಬೇಕಂತ ಕುಂತೆ, ಎರಡ್ ವರ್ಷ ಹಿಡೀತು, ಅದ್ರಾಗ ಒಂದ್ ವರ್ಷ ಬರೇ ತಪ್ಪ್ ದಾರಿ ತುಳಿಯೋದ್ರಾಗ ಹೋತು. ನಿಮ್ಮದೂ ಹಂಗ ಆಗಬಾರ್ದು ಅಂತ ಇದು.

ಮೊದಲ ತಪ್ಪ್ ಏನಂದ್ರ ನಾನು ಕಥಿಯಿಂದ ಶುರು ಮಾಡಿದೆ. ಕಾಕಾ, ಅತ್ತಿ, ಓಣಿ ಹಿರ್ಯಾರು ಎಲ್ಲಾರ ಮುಂದ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದೆ. ಇಟಲಿ ಬಂತು, ಜರ್ಮನ್ರು ಬಂದ್ರು, ಮಷಿನ್‌ಗನ್ ಬಂತು, ಒಬ್ರದು ಒಬ್ರಿಗೆ ಹೊಂದವಲ್ದು. ಕಥಿ ಕಡೀಕ ಕೇಳ್ರಿ. ಮೊದಲ ಅಟ್ಟದ ಮ್ಯಾಲಿನ ಟ್ರಂಕ್ ಇಳಸ್ರಿ. ನಿಮಗ ಬೇಕಾಗಿರೋದು ಅವನ ಆರ್ಮಿ ನಂಬರ್, ಅದೊಂದ್ ಸಿಕ್ರ ಅರ್ಧ ಕೆಲಸ ಮುಗದಂಗ.

ನಂಬರ್ ಡಿಸ್ಚಾರ್ಜ್ ಸರ್ಟಿಫಿಕೇಟಿನ ಮ್ಯಾಲ ಇರ್ತೈತಿ. ಅದು ಇಲ್ಲಂದ್ರ ಮೆಡಲ್ ನೋಡ್ರಿ, ಇಂಡಿಯನ್ ಆರ್ಮಿಯವರ ಮೆಡಲ್ಲಿನ ಅಂಚಿಗೆ, ಸ್ಟಾರ್ (ಚುಕ್ಕಿ ಆಕಾರದ ಮೆಡಲ್) ಇದ್ರ ಹಿಂದಿನ ಮೈಗೆ, ಭಾಳ ಸಲ ನಂಬರ್, ದರ್ಜೆ, ಹೆಸರು, ಪಲ್ಟನ್ನಿನ ಸಂಕ್ಷಿಪ್ತ ಅಕ್ಷರ ಹೊಡದಿರ್ತಾರ. ದಯವಿಟ್ಟು ಹುಣಸಿಹಣ್ಣು ಹಚ್ಚಿ ತಿಕ್ಕಬ್ಯಾಡ್ರಿ. ನಮ್ಮ ಅತ್ತಿ ಪ್ರತಿ ದೀಪಾವಳಿಗೆ ತಾಮ್ರದ ಕೊಡದ ಜೋಡಿ ಮುತ್ಯಾನ ಮೆಡಲ್‌ನೂ ತಿಕ್ಕಿ ಬೆಳಗ್ಯಾಳ, ಮೂರು ನಂಬರ್ ಅಳಿಸೇ ಹೋಗ್ಯಾವ. ರಾತ್ರಿ ಲೈಟ್ ಆರಿಸಿ, ಮೊಬೈಲ್ ಟಾರ್ಚ್ ಅಡ್ಡ ಹಿಡದು, ಮೆಡಲ್ ನಿಧಾನ ತಿರಗಿಸ್ರಿ, ನೆರಳಿನ್ಯಾಗ ಅಕ್ಷರ ಏಳ್ತಾವ.

ರಿಬ್ಬನ್ ಬಣ್ಣಾನೂ ಮಾತಾಡ್ತೈತಿ. ಕೆಂಪು, ಬಿಳಿ, ಹಸಿರು, ಬಿಳಿ, ಕೆಂಪು ಪಟ್ಟಿ ಇದ್ರ ಇಟಲಿ ಸ್ಟಾರ್. ಮರಳಿನ ಬಣ್ಣದ ನಡುವ ಕೆಂಪು ಇದ್ರ ಆಫ್ರಿಕಾ ಸ್ಟಾರ್. ಕಡುನೀಲಿ, ನಡುವ ಕೆಂಪು, ಆಜೂಬಾಜೂ ಕಿತ್ತಳಿ ಪಟ್ಟಿ ಇದ್ರ ಬರ್ಮಾ ಸ್ಟಾರ್. ದುಂಡಂದ್ರಾಗ ಸಿಂಹ ನಿಂತಿದ್ರ ವಾರ್ ಮೆಡಲ್, ಹಿಂದುಸ್ತಾನದ ನಕಾಶಿ ಇದ್ರ ಇಂಡಿಯಾ ಸರ್ವಿಸ್ ಮೆಡಲ್. ಬರೇ ದುಂಡಂದು ಇದ್ದು ಒಂದೂ ಸ್ಟಾರ್ ಇರ್ಲಿಲ್ಲಂದ್ರ "ಮುತ್ಯಾ ಇಟಲಿ ತಿರಗಿ ಬಂದ" ಅಂತ ಬರಿಯೋಕಿಂತ ಮೊದಲ ಎರಡ್ ಸಲ ವಿಚಾರ ಮಾಡ್ರಿ. 1965, 1971ರಾಗ ಹೋದವರಿಗೆ ಇವು ಇರೂದಿಲ್ಲ, ಸಮರ ಸೇವಾ ಸ್ಟಾರ್, ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಇಂಥವು ಹುಡುಕ್ರಿ.

ಇನ್ನ ನಮ್ಮ ಮುತ್ಯಾಂದು. ಅಂಚಿಗೆ "ಡಿ.ವಿ.ಆರ್." ಅಂತ ಇತ್ತು, ಮುಂದ "ಆರ್.ಐ.ಎ.ಎಸ್.ಸಿ." ಅಂದ್ರ ಡ್ರೈವರ್, ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ನಾವೆಲ್ಲಾ ಲಾರಿ ಡ್ರೈವರ್ ಅನ್ಕೊಂಡ್ವಿ, ಕಾಕಾಗಂತೂ ಅದೂ ಪಸಂದ್ ಬರಲಿಲ್ಲ, ಅವ್ನಿಗೆ ಮಷಿನ್‌ಗನ್ನೇ ಬೇಕು. ಡಿಸ್ಚಾರ್ಜ್ ಸರ್ಟಿಫಿಕೇಟ್ ಸಿಕ್ಕಾಗ ನೋಡಿದ್ರ ಎಂ.ಟಿ. (ಮೆಕ್ಯಾನಿಕಲ್ ಟ್ರಾನ್ಸ್‌ಪೋರ್ಟ್, ಲಾರಿ) ಅಲ್ಲ, ಎ.ಟಿ., ಅಂದ್ರ ಅನಿಮಲ್ ಟ್ರಾನ್ಸ್‌ಪೋರ್ಟ್. ಖಚ್ಚರ್! ನಮ್ಮ ಮುತ್ಯಾ ಇಟಲಿ ಗುಡ್ಡದಾಗ ಹೇಸರಗತ್ತಿ ಹೊಡ್ಕೊಂಡು ಅಡ್ಡಾಡಿದಾಂವ. ಆಯಿ ಸಾಯೋತನಕ "ಡ್ರಾಬಿ ಇದ್ರು, ಡ್ರಾಬಿ ಇದ್ರು" ಅಂತಿದ್ದಳು, ನಾವು ಅದ್ಯಾವುದೋ ಊರಿನ ಹೆಸರು ಅನ್ಕೊಂಡಿದ್ವಿ, ನೋಡಿದ್ರ ಡ್ರೈವರ್ ಅನ್ನೋದೇ ಪಲ್ಟನ್ನಿನ ಬಾಯಾಗ ಡ್ರಾಬಿ ಆಗಿತ್ತು, ಹೇಸರಗತ್ತಿ ಹೊಡಿಯೋರಿಗೆ ಹಂಗ ಕರೀತಿದ್ರು. ಇಟಲ್ಯಾಗ ಚಳಿಗಾಲದ ಕೆಸರಿನ್ಯಾಗ ಲಾರಿ ಹತ್ತದ ಜಾಗಾಕ್ಕ ಗುಂಡು, ರೇಷನ್ ಹೊತ್ತಿದ್ದು ಈ ಖಚ್ಚರ್ ಕಂಪನಿಗಳೇ, ಇಳಿಯುವಾಗ ಹೆಣಾನೂ ತರ್ತಿದ್ವು. ಇದನ್ನ ಮುಚ್ಚಿಟ್ಟು ಮಷಿನ್‌ಗನ್ ಬರದ್ರ ಬರದಾಂವ ಮೂರ್ಖ ಅಂತ ನನ್ನ ಅಭಿಪ್ರಾಯ. ಕಾಕಾ ಇದಕ್ಕ ಒಪ್ಪೂದಿಲ್ಲ.

ನಿಮ್ಮ ಮುತ್ಯಾ ಮರಾಠಾ ಲೈಟ್ ಇನ್‌ಫಂಟ್ರಿ ಇದ್ರ ನಿಮ್ಮ ಪುಣ್ಯ, ಆ ಪಲ್ಟನ್ನಿನ ಸೆಂಟರೂ, ಸಿಪಾಯಿಗಳ ದಾಖಲೆ ಇಡೋ ರೆಕಾರ್ಡ್ ಆಫೀಸೂ ಬೆಳಗಾವಿ ಕ್ಯಾಂಪಿನ್ಯಾಗೇ ಅದಾವ. ಆದ್ರ ಬರೇ "ಮರಾಠಾದಾಗ ಇದ್ದ" ಅಂದ್ರ ಸಾಲೂದಿಲ್ಲ, ಬಟಾಲಿಯನ್ ನಂಬರ್ ಬೇಕು. 3ನೇ ಬಟಾಲಿಯನ್ 1941ರ ಮಾರ್ಚ್‌ನ್ಯಾಗ ಎರಿಟ್ರಿಯಾದ ಕೆರೆನ್ ಗುಡ್ಡ ಹತ್ತೇತಿ, 2ನೇ ಬಟಾಲಿಯನ್ 1942ರ ಜೂನ್‌ನ್ಯಾಗ ಟೊಬ್ರುಕ್ ಬಿದ್ದಾಗ ಇಡೀದಕ್ಕ ಇಡೀ ಕೈದಿ ಆಗೇತಿ. ಒಂದ್ ಅಂಕಿ ತಪ್ಪಿದ್ರ ಮುತ್ಯಾನ ಜೀವನಾನೇ ಬ್ಯಾರೆ ಆಗ್ತೈತಿ ನೋಡ್ರಿ. ಕೈದಿ ಆಗಿದ್ದಾಂವ ಅಂದ್ರ ಜಿನೀವಾದ ರೆಡ್‌ಕ್ರಾಸ್ ದಫ್ತರದಾಗ ಯುದ್ಧಕೈದಿಗಳ ದಾಖಲೆ ಅದಾವ, ಅವರಿಗೆ ಅರ್ಜಿ ಹಾಕಬಹುದು, ಪುರುಸೊತ್ತಿನಿಂದ ಕಾಯಬೇಕು.

ರೆಕಾರ್ಡ್ ಆಫೀಸಿಗೆ ಬರಿಯುವಾಗ ನಂಬರ್, ಹೆಸರು, ತಂದಿ ಹೆಸರು, ಊರು, ತಾಲೂಕು ಹಾಕಿ, ನಾಡಕಚೇರಿಯಿಂದ ವಂಶಾವಳಿ ತಗಿಸಿ, ಮುತ್ಯಾನ ಮರಣ ಪ್ರಮಾಣಪತ್ರ, ನಿಮ್ಮ ಆಧಾರ್ ಝೆರಾಕ್ಸ್ ಜೋಡಸ್ರಿ. ಜಿಲ್ಲಾ ಬಾಗಲಕೋಟೆ ಅಂತ ಬರದ್ರ ಯಾರಿಗೂ ತಿಳ್ಯೂದಿಲ್ಲ, ಆ ಜಿಲ್ಲಾ ಆಗಿದ್ದೇ 1997ಕ್ಕ, ಅವನ ಕಾಲಕ್ಕ ಅದು ಬಿಜಾಪುರ ಜಿಲ್ಲಾ, ಮುಂಬೈ ಪ್ರಾಂತ. ಜಮಖಂಡಿ, ಮುಧೋಳ, ರಾಮದುರ್ಗದವರಾದ್ರ 1948ರ ತನಕ ಸಂಸ್ಥಾನ. ಹೆಸರಿನ ಸ್ಪೆಲಿಂಗ್ ಬಗ್ಗೆ ಹೇಳೂದೇ ಬ್ಯಾಡ, ಬಸಪ್ಪ ಅನ್ನಾಂವ ಅಲ್ಲಿ ಬಸಾಪಾ ಆಗಿರ್ತಾನ, ಬಾಸವಾ ಆಗಿರ್ತಾನ, ಎಲ್ಲಾ ರೂಪ ಕೊಟ್ಟು ಬಿಡ್ರಿ. ಪಿಂಚಣಿ ಇಲ್ಲದ ಬಿಟ್ಟು ಬಂದವರ ಶೀಟ್ ರೋಲ್ (ಒಬ್ಬೊಬ್ಬರ ಸೇವಾ ದಾಖಲೆ) ಕೆಲವು ವರ್ಷ ಆದ ಮ್ಯಾಲ ನಾಶ ಮಾಡಿರ್ತಾರ, ಅದಕ್ಕ ಪತ್ರದಾಗ "ಲಾಂಗ್ ರೋಲ್ ನಮೂದು" ಅಂತಾನೂ ಕೇಳ್ರಿ, ಅದು ಎಲ್ಲಾರ ಹೆಸರಿನ ದೊಡ್ಡ ಪಟ್ಟಿ, ಉಳದಿರ್ತೈತಿ. ನನಗ ಬಂದಿದ್ದು ಎರಡೇ ಸಾಲು. ಆ ಎರಡ್ ಸಾಲಿನ ಮ್ಯಾಲ ನನ್ನ ನಾಕ್ ಪುಟ ನಿಂತಾವ.

ಹಳೆ ಪತ್ರ ಇದ್ರ ಕವರ್ ಒಗೀಬ್ಯಾಡ್ರಿ. ಠಸ್ಸೆ ಮ್ಯಾಲ ಎಫ್.ಪಿ.ಒ. ನಂಬರ್ ಇರ್ತೈತಿ, ಅದು ಫೀಲ್ಡ್ ಪೋಸ್ಟ್ ಆಫೀಸ್, ಯಾವ ನಂಬರ್ ಯಾವ ತಾರೀಖಿಗೆ ಎಲ್ಲಿತ್ತು ಅನ್ನೋ ಪಟ್ಟಿ ಸ್ಟಾಂಪ್ ಕೂಡಿಸೋರ ಹಂತ್ಯಾಕ ಸಿಗ್ತೈತಿ. ನಮ್ಮ ಟ್ರಂಕಿನ್ಯಾಗ ಒಂದ್ ನೋಟ್‌ಬುಕ್ ಇತ್ತು, ಇಂಗ್ಲಿಷ್ ಅಕ್ಷರ, ಓದಿದ್ರ ಒಂದೂ ಶಬ್ದ ತಿಳೀವಲ್ದು, ಇಂಗ್ಲಿಷ್ ಲೆಕ್ಚರರ್ ಒಬ್ರಿಗೆ ತೋರಿಸಿದ್ರ ಅವ್ರೂ ಕೈ ಚೆಲ್ಲಿದ್ರು. ಆಮ್ಯಾಲ ನನ್ನ ಮಗಳು ಜೋರಾಗಿ ಓದಿದಳು, "ಪಾನಿ ಪಹಿಲೇ ಜಾನವರ ಕೋ." ಉರ್ದು! ಆಗಿನ ಆರ್ಮ್ಯಾಗ ರೋಮನ್ ಉರ್ದು ಕಲಸ್ತಿದ್ರು, ಕನ್ನಡದ ಮೂರನೇತ್ತ ಪಾಸಾದ ಮುತ್ಯಾ ಅಲ್ಲಿ ಹೋಗಿ ಅದನ್ನ ಕಲ್ತಿದ್ದ. ಅದಕ್ಕ ಹೇಳೂದು, ಕಣ್ಣಿಲೆ ಓದಬ್ಯಾಡ್ರಿ, ಬಾಯಿಲೆ ಓದ್ರಿ.

ಈಗ ಊರಿಗೆ ಬರೂಣು. ನಮ್ಮ ಕಡೆ ಮಂದಿ ಎಲ್ಲಾ ಅಧ್ಯಕ್ಷರಿಗೂ "ಮೇಯರ್" ಅಂದು ಬಿಡ್ತಾರ, ಕೇಳಾಕ ಚಲೋ ಅನಸ್ತೈತಿ, ಆದ್ರ ಮೇಯರ್ ಇರೋದು ಮಹಾನಗರ ಪಾಲಿಕೆಗೆ ಮಾತ್ರ, ಬೆಳಗಾವಿ ಪಾಲಿಕೆ ಆಗಿದ್ದೇ 1976ಕ್ಕ. ಅದಕ್ಕಿಂತ ಮೊದಲಿನಾಂವ ಆಗಿದ್ರ ಅಧ್ಯಕ್ಷ ಅಂತಾನೇ ಬರೀರಿ, ಮಾನ ಏನೂ ಕಡಿಮಿ ಆಗೂದಿಲ್ಲ. ಪುರಸಭೆ ಸಭಾಂಗಣದಾಗ ಗ್ವಾಡಿಗೆ ಅಧ್ಯಕ್ಷರ ಹೆಸರಿನ ಬೋರ್ಡ್ ಇರ್ತೈತಿ, ಮೊದಲ ಅದರ ಫೋಟೋ ಹೊಡೀರಿ. ಅದ್ರಾಗ ಗ್ಯಾಪ್ ಕಂಡ್ರ ಆಗ ಆಡಳಿತಾಧಿಕಾರಿ ಇದ್ದಿರ್ತಾರ.

ಖರೇ ಬಂಗಾರ ಇರೋದು ಠರಾವು ಪುಸ್ತಕದಾಗ, ಅಂದ್ರ ಪುರಸಭೆ ನಿರ್ಣಯ ಬರದಿಡೋ ಪುಸ್ತಕದಾಗ. ಪ್ರತಿ ಸಭೆಗೆ ಯಾರ್ ಬಂದಿದ್ರು, ಯಾರ್ ಸೂಚಿಸಿದ್ರು, ಯಾರ್ ಅನುಮೋದಿಸಿದ್ರು, ಯಾರ್ ತಕರಾರು ಮಾಡಿದ್ರು, ಎಲ್ಲಾ ಬರದಿರ್ತಾರ. ಕೇಳಿದ್ ಕೂಡ್ಲೇ "ಗೆದ್ದಲ ಹತ್ತಿ ಹೋಗ್ಯಾವ್ರಿ" ಅಂತಾರ, ನನಗೂ ಅಂದ್ರು (ಯಾವ ಊರಂತ ಹೇಳೂದಿಲ್ಲ). ಮಾಹಿತಿ ಹಕ್ಕಿನ್ಯಾಗ ಅರ್ಜಿ ಕೊಟ್ಟೆ. 10 ರೂಪಾಯಿ ಫೀ, ನಮ್ಮ ರಾಜ್ಯದಾಗ ಅರ್ಜಿ 150 ಶಬ್ದ ದಾಟಬಾರ್ದು, ಒಂದ್ ಅರ್ಜಿಗೆ ಒಂದೇ ವಿಷಯ, 30 ದಿನದಾಗ ಉತ್ತರ. "ಝೆರಾಕ್ಸ್ ಕೊಡ್ರಿ" ಅನ್ನಬ್ಯಾಡ್ರಿ, "ಕಡತ ಪರಿಶೀಲನೆಗೆ ಅವಕಾಶ ಕೊಡ್ರಿ" ಅಂತ ಬರೀರಿ, ಆಗ ನೀವೇ ಒಳಗ ಹೋಗಿ ಕೂಡಬಹುದು. ಅಷ್ಟಾದ್ರೂ ನನಗ ಪುಸ್ತಕ ತೋರಿಸಿದ್ದು ಅರ್ಜಿ ಅಲ್ಲ, ರಿಟೈರ್ ಆಗಾಕ ಬಂದಿದ್ದ ಜವಾನ್ರು, "ಅವು ಮಾಳಗಿ ಮ್ಯಾಲ ಅದಾವ ಬರ್ರಿ ತಮ್ಮಾ" ಅಂತ ನಿಚ್ಚಣಿಕಿ ಹಚ್ಚಿದ್ರು. 1956ಕ್ಕಿಂತ ಹಿಂದಿನ ಪುಸ್ತಕ ಬೆಳಗಾವಿ ಕಡೆ ಮರಾಠಿ, ಇಂಗ್ಲಿಷ್ ಇರಬಹುದು, ಸಂಸ್ಥಾನದ ದಫ್ತರ ಇನ್ನೂ ಹಳೇದಾದ್ರ ಮೋಡಿ ಲಿಪಿ (ಮರಾಠಿ ಬರಿಯೋ ಹಳೆ ಲಿಪಿ), ಓದೋ ಹಿರ್ಯಾರನ್ನ ಮೊದಲೇ ಹುಡುಕಿ ಇಟ್ಕೊಳ್ರಿ.

ನಾನು ದೊಡ್ಡ ದೊಡ್ಡ ಠರಾವು ಹುಡುಕ್ತಿದ್ದೆ, ರಸ್ತೆ, ಶಾಲಿ, ಆಸ್ಪತ್ರಿ. ಸಿಕ್ಕಿದ್ದು ಏನಂದ್ರ, ಸಂತಿ ಬಯಲಿನ್ಯಾಗ ದನ, ಕುದರಿಗೆ ನೀರ್ ಕುಡಿಯಾಕ ಕಲ್ಲಿನ ದೋಣಿ ಕಟ್ಟಸಬೇಕಂತ ಒಂದ್ ಠರಾವು. ಮೂರ್ ಸಭೆ ಅದರ ಮ್ಯಾಲೇ ಜಗಳ. ಒಬ್ಬ ಸದಸ್ಯರು "ಮನಷ್ಯಾರಿಗೇ ನಳ ಇಲ್ಲ, ದನಕ್ಕ ಯಾಕ" ಅಂದಿದ್ದು ಹಂಗೇ ದಾಖಲ್ ಐತಿ. ಅಧ್ಯಕ್ಷರು ತಮ್ಮ ಮತ ಹಾಕಿ ಪಾಸ್ ಮಾಡ್ಸ್ಯಾರ, ಕೆಳಗ ಸಹಿ, ರೋಮನ್ ಅಕ್ಷರದಾಗ.

ಕಥಿ ಕೇಳೂದು ಈಗ. "ಯುದ್ಧದಾಗ ಏನ್ ಮಾಡಿದ್ರು" ಅಂತ ಕೇಳಬ್ಯಾಡ್ರಿ, ಎಲ್ಲಾರೂ ಮಷಿನ್‌ಗನ್ನಿಗೇ ಹೋಗ್ತಾರ. ಎಷ್ಟೊತ್ತಿಗೆ ಏಳ್ತಿದ್ರು, ಯಾರ ಮ್ಯಾಲ ಸಿಟ್ಟಾಗ್ತಿದ್ರು, ಇಲೆಕ್ಷನ್ ಖರ್ಚಿಗೆ ಯಾವ ಹೊಲ ಮಾರಿದ್ರು ಅಂತ ಕೇಳ್ರಿ. ವರ್ಷ ನೆನಪಿರೂದಿಲ್ಲ, ಅದಕ್ಕ ಗುರ್ತು ಹಿಡದು ಕೇಳ್ರಿ: ಗಾಂಧಿ ಸತ್ತಾಗ, ಕೊಯ್ನಾ ಭೂಕಂಪ (1967) ಆದಾಗ, ಎಪ್ಪತ್ತೆರಡರ ಬರದಾಗ. ಹಳೆ ಬಾಗಲಕೋಟೆಯವರು ಸ್ವಲ್ಪ ಗಡಿಬಿಡಿ ಮಾಡ್ರಿ, ಆಲಮಟ್ಟಿ ಹಿನ್ನೀರಿಗೆ ಓಣಿಗೆ ಓಣಿ ಹೋಗ್ಯಾವ, ಉದ್ಘಾಟನೆ ಕಲ್ಲು, ಅಡಿಗಲ್ಲು ಏನ್ ಉಳದಾವ ಅವನ್ನ ಇವತ್ತೇ ಫೋಟೋ ಹೊಡಕೊಳ್ರಿ.

ಬರಿಯುವಾಗ ಪೇಪರ್ ಹೇಳಿದ್ದು ಮತ್ತ ಮಂದಿ ಹೇಳಿದ್ದು ಬ್ಯಾರೆ ಬ್ಯಾರೆ ಇಡ್ರಿ, ನಾನು ಮಂದಿ ಮಾತಿಗೆ "ಅಂತಾರ" ಅಂತ ಹಚ್ಚೇನಿ. ಕಾಕಾನ ಮಷಿನ್‌ಗನ್ನೂ ಐತಿ ಒಳಗ, "ಅಂತಾರ" ಜೋಡಿ. ಊರಾಗಿನ ಡಿಟಿಪಿ ಅಂಗಡ್ಯಾಗ ಐವತ್ತು ಕಾಪಿ ಮಾಡಿಸಿದೆ, ಒಂದ್ ಪುರಸಭೆ ಗ್ರಂಥಾಲಯಕ್ಕ, ಒಂದ್ ಆ ಜವಾನ್ರಿಗೆ. ಕಾಕಾ ತನ್ನ ಕಾಪಿ ತಗೊಂಡು ಖಚ್ಚರ್ ಪುಟಕ್ಕ ಬಂದು ನಿಂತ, ಮರುದಿನ ಮುಂಜಾನೆ ಫೋನ್ ಮಾಡಿ, "ಆ ದೋಣಿ ಇನ್ನೂ ಐತೇನಲೇ?" ಅಂದ. ಐತಿ, ಸಂತಿ ಬಯಲಿನ ಮೂಲ್ಯಾಗ, ಈಗ ಅದ್ರಾಗ ಕಾಯಿಪಲ್ಲೆ ಮಾರೋರು ಕೊತಂಬ್ರಿ ಸಿವುಡು ತೊಳಿತಾರ.